ಮೆಗಾ ಬ್ಲಾಕ್ ಮೀಮಾಂಸೆ: ಥಾಣೆ ಸೀಮೆಯ ಸ್ವತಂತ್ರ ತಂತ್ರಾಂಶ ಬಳಗಗಳ ಕುರಿತು ಒಂದು ಪ್ರೌಢ ಜಿಜ್ಞಾಸೆ

ಸ್ವತಂತ್ರ ತಂತ್ರಾಂಶದ ಬಳಗಗಳು ಯಾಕೆ ಒಡೆಯುತ್ತವೆ ಎಂಬ ಪ್ರಶ್ನೆಗೆ ಪಂಡಿತರು ತಾತ್ವಿಕ ಕಾರಣ ಕೊಟ್ಟು ಕೈತೊಳೆದುಕೊಂಡಿದ್ದಾರೆ. ಪ್ರಸ್ತುತ ಪ್ರಬಂಧಕಾರನ ಸಿದ್ಧಾಂತ ಬೇರೆ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳ ಮಟ್ಟಿಗಂತೂ ಸಕಲ ಭಿನ್ನಮತಗಳ ಮೂಲ ರೈಲ್ವೆ ವೇಳಾಪಟ್ಟಿ.

ಮೊದಲು ಒಮ್ಮತದ ವಿಚಾರ, ಅದು ಚಿಕ್ಕದು. ಯಾವ ಕೆಲಸಕ್ಕಾದರೂ ಓಡಿಸು, ಬಗೆದು ನೋಡಿ ಬದಲಿಸು, ಪ್ರತಿ ಹಂಚು, ಬದಲಿಸಿದ್ದನ್ನೂ ಹಂಚು: ಸ್ವತಂತ್ರ ತಂತ್ರಾಂಶ ಚಳವಳಿಯ ಪ್ರವರ್ತಕ ರಿಚರ್ಡ್ ಸ್ಟಾಲ್‌ಮನ್ ಪ್ರಣೀತ ಈ ನಾಲ್ಕು ಸ್ವಾತಂತ್ರ್ಯಗಳನ್ನು ನಾಲ್ಕೂ ಊರಿನವರು ಶಿರಸಾವಹಿಸುತ್ತಾರೆ. ಇವನ್ನು ಸೊನ್ನೆಯಿಂದ ಮೂರರವರೆಗೆ ಎಣಿಸುವುದು ಸಂಪ್ರದಾಯ. ಹೊರಗಿನವರಿಗೆ ಇದು ಗೊಂದಲ, ಲೋಕಲ್ ಹತ್ತುವವರಿಗಲ್ಲ. ಮೂವರ ಬೆಂಚಿನ ತುದಿಯಲ್ಲಿ ‘ಜರಾ ಸರ್ಕೋ’ ಎಂದು ನಾಲ್ಕನೆಯವನು ಅರ್ಧ ಸೊಂಟ ಊರುತ್ತಾನಲ್ಲ, ಸೊನ್ನೆಯಿಂದ ಎಣಿಸಿದರೆ ಅವನ ಸಂಖ್ಯೆಯೂ ಮೂರೇ. ಹೀಗಾಗಿ ಅವನು ಶಾಸ್ತ್ರಸಮ್ಮತ.

ಇನ್ನು ಭೇದ. 1996ರಲ್ಲಿ ಕೆಡಿಇ ಎಂಬ ಡೆಸ್ಕ್‌ಟಾಪ್ ಹುಟ್ಟಿತು. ಅದರ ಬುಡದಲ್ಲಿದ್ದ ಕ್ಯೂಟಿ ಎಂಬ ತಂತ್ರಾಂಶ ಸ್ವತಂತ್ರವಲ್ಲ ಎಂಬ ತಕರಾರಿನಿಂದ 1997ರಲ್ಲಿ ಎದುರಾಳಿ ಡೆಸ್ಕ್‌ಟಾಪ್ ಗ್ನೋಮ್ ಹುಟ್ಟಿತು. ಕ್ಯೂಟಿಯ ಲೈಸೆನ್ಸ್ ಆಮೇಲೆ ಸರಿಹೋಯಿತು, ಜಗಳ ಹೋಗಲಿಲ್ಲ. ಆಗ ನವಿಮುಂಬಯಿಯ ವಾಶಿಯ ಕೆಡಿಇ ಭಕ್ತ ಥಾಣೆಯ ಗ್ನೋಮ್ ಭಕ್ತನೊಡನೆ ವಾದಿಸಬೇಕೆಂದರೆ ರೈಲಿನಲ್ಲಿ ಕುರ್ಲಾ ಬಳಸಿ ಬರಬೇಕಿತ್ತು. ಅಲ್ಲಿನ ಸೇತುವೆ ಹತ್ತಿಳಿಯುವಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತಿತ್ತು. 2004ರಲ್ಲಿ ಥಾಣೆ–ವಾಶಿ ನೇರ ರೈಲು ಶುರುವಾಯಿತು. ಅದೇ ವರ್ಷ ಡೆಬಿಯನ್ ಲಿನಕ್ಸ್‌ನ ಬುನಾದಿಯ ಮೇಲೆ ಉಬುಂಟು ಹೊರಬಂತು. ಇದನ್ನು ಕಾಕತಾಳೀಯ ಎನ್ನುವವರಿಗೆ ಸಂಶೋಧನೆಯ ಗಂಧವಿಲ್ಲ. ಉಬುಂಟು ಸಿ.ಡಿ. ಪುಕ್ಕಟೆಯಾಗಿ ಅಂಚೆಯಲ್ಲೇ ಬರುತ್ತಿತ್ತು. ಕಷ್ಟಪಡದೆ ಬಂದದ್ದು ಎಂಥ ಸ್ವಾತಂತ್ರ್ಯ ಎಂದು ಡೆಬಿಯನ್ ಮಡಿವಂತರು ಮೂಗು ಮುರಿದರು.

ಆದರೆ ಬಣಗಳು ನಿಜವಾಗಿ ಒಡೆಯುವುದು ಭಾನುವಾರ. ಸಭೆ ಸೇರಲು ಸದಸ್ಯರಿಗೆ ಪುರುಸೊತ್ತಿರುವುದು ಅಂದೇ, ಹಳಿ ರಿಪೇರಿಗೆಂದು ರೈಲ್ವೆಯವರು ಗಾಡಿಗಳನ್ನು ತಡೆದು ಮೆಗಾ ಬ್ಲಾಕ್ ಹಾಕುವುದೂ ಅಂದೇ. ಹಾರ್ಬರ್ ಲೈನಿನ ಮಾನ್‌ಖುರ್ದ್‌ನಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿ ಸೇರೋಣ ಎಂದರೆ ಆ ಲೈನಿನವರು ಚಪ್ಪಾಳೆ ತಟ್ಟುತ್ತಾರೆ, ಸೆಂಟ್ರಲ್ ಲೈನಿನವರಿಗೆ ಅದರಲ್ಲಿ ಸಂಚು ಕಾಣುತ್ತದೆ.

ಒಂದು ಮಾದರಿ ಪ್ರಕರಣವನ್ನು ಊಹಿಸಿ. ಕಲ್ಯಾಣ್‌ನ ಸದಸ್ಯ ಲಿನಕ್ಸ್ ಹಾಕಿಸಲು ತನ್ನ ಸಿಪಿಯುವನ್ನು ಹಳೇ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ, ಲಗೇಜ್ ಡಬ್ಬಿಯ ಕೊತ್ತಂಬರಿ ಮೂಟೆಗಳ ನಡುವೆ ನಿಂತು ಥಾಣೆಗೆ ಹೊರಡುತ್ತಾನೆ. ಬ್ಲಾಕ್‌ನಿಂದಾಗಿ ಗಾಡಿ ಡೊಂಬಿವಲಿಯಲ್ಲೇ ಬೀಡುಬಿಡುತ್ತದೆ. ಅಲ್ಲೇ ಗೆಳೆಯನ ಮನೆಯಲ್ಲಿ ಗಂಟು ಬಿಚ್ಚುತ್ತಾರೆ, ನಾಲ್ವರು ಸೇರುತ್ತಾರೆ. ಡೊಂಬಿವಲಿ ಶಾಖೆ ಸ್ಥಾಪನೆಯಾಯಿತು! ಚಹಾ ಬರುವ ಮೊದಲೇ ವೈ-ಫೈ ಕಾರ್ಡು ಹಟ ಹಿಡಿಯುತ್ತದೆ. ಸ್ವತಂತ್ರವಲ್ಲದ ಫರ್ಮ್‌ವೇರ್ ಹಾಕಬಹುದೇ? ಇಬ್ಬರು ಹಾಕೋಣ ಎನ್ನುತ್ತಾರೆ, ಇಬ್ಬರು ಧರ್ಮಭ್ರಷ್ಟತೆ ಎನ್ನುತ್ತಾರೆ. 2022ರಲ್ಲಿ ಡೆಬಿಯನ್‌ನವರೇ ಮತ ಹಾಕಿ ಅಂಥ ಫರ್ಮ್‌ವೇರನ್ನು ಅಧಿಕೃತ ಇನ್‌ಸ್ಟಾಲರಿನೊಳಕ್ಕೆ ಬಿಟ್ಟುಕೊಂಡರು. ಅಷ್ಟರಲ್ಲಿ ಇಲ್ಲಿ ಡೊಂಬಿವಲಿ ಪೂರ್ವ, ಡೊಂಬಿವಲಿ ಪಶ್ಚಿಮ ಎಂದು ಎರಡು ಪಂಥ ಬೇರೂರಿಯಾಗಿತ್ತು.

ಸ್ವತಂತ್ರ ತಂತ್ರಾಂಶದ ಲೈಸೆನ್ಸ್ ಕೊಡಮಾಡಿದ ಕವಲೊಡೆಯುವ (ಫೋರ್ಕ್) ಹಕ್ಕನ್ನು ಬೇರೆಡೆ ಕೋಡ್ ಬರೆಯುವವರು ಚಲಾಯಿಸುತ್ತಾರೆ. ಇಲ್ಲಿ ಸಭೆಯ ಜಾಗ ಗೊತ್ತುಮಾಡುವವರೂ ಚಲಾಯಿಸುತ್ತಾರೆ. ಕಲ್ಯಾಣ್ ದಾಟಿದರೆ ಹಳಿಯೇ ಕಸಾರಾ, ಕರ್ಜತ್ ಎಂದು ಎರಡಾಗುವುದರಿಂದ ಕ್ಷೇತ್ರಕಾರ್ಯ ಇನ್ನೂ ಬಾಕಿಯಿದೆ. ಮೊದಲ ಹಳಿಯ ಶಹಾಡ್‌ನಲ್ಲಿ ಒಬ್ಬ, ಎರಡನೆಯದರ ಅಂಬರನಾಥದಲ್ಲಿ ಒಬ್ಬ ಸ್ವತಂತ್ರ ಬಳಗ ಕಟ್ಟಬಹುದೆಂದು ಅಂದಾಜು. ಇಬ್ಬರೂ ಆರ್ಚ್ ಲಿನಕ್ಸ್‌ನವರೇ ಆಗಿರುತ್ತಾರೆ. ಅದನ್ನು ಪತ್ತೆಹಚ್ಚಲು ಪ್ರಶ್ನಾವಳಿ ಬೇಕಾಗುವುದಿಲ್ಲ, ಕೇಳದೆಯೇ ಹೇಳುತ್ತಾರೆ.