ಅಪಸರ್ಪಣ ಮೀಮಾಂಸೆ

ಆನೆಗೆ ಗಜಶಾಸ್ತ್ರವುಂಟು, ಕುದುರೆಗೆ ಅಶ್ವಶಾಸ್ತ್ರವುಂಟು. ಹಲ್ಲಿಯೊಂದು ಮೈಮೇಲೆ ಬಿದ್ದರೆ ಎಡಭುಜಕ್ಕೇನು ಫಲ, ಬಲಭುಜಕ್ಕೇನು ಫಲ ಎಂಬುದನ್ನು ಪಂಚಾಂಗಕರ್ತರು ಅಂಗಾಂಗವಾರು ವಿಂಗಡಿಸಿ ಕೊಟ್ಟಿದ್ದಾರೆ. ಆದರೆ ಆಳೆತ್ತರದ ಪಕ್ಷಿಯೊಂದು, ಕಾಲಿನ ಒಳಬೆರಳಿನಲ್ಲಿ ಸುಮಾರು 12 ಸೆಂಟಿಮೀಟರ್ ಉದ್ದದ ನಖವನ್ನು ಧರಿಸಿ, ಕಾಡಿನ ಕಾಲುದಾರಿಯ ತಿರುವಿನಲ್ಲಿ ಎದುರಾದಾಗ ಮನುಷ್ಯನಾದವನು ಏನು ಮಾಡತಕ್ಕದ್ದು ಎಂಬ ವಿಷಯದಲ್ಲಿ ಪೂರ್ವಾಚಾರ್ಯರೆಲ್ಲರೂ ಮೌನ ವಹಿಸಿದ್ದಾರೆ. ಈ ನ್ಯೂನತೆಯ ಪರಿಹಾರಾರ್ಥವಾಗಿ ಬೃಹದನುಡ್ಡೀನಪಕ್ಷಿವೀಕ್ಷಣಶಾಸ್ತ್ರವೆಂಬ ನೂತನ ಶಾಸ್ತ್ರವು ಇಲ್ಲಿ ಪ್ರತಿಷ್ಠಾಪಿತವಾಗುತ್ತಿದೆ.

ಶಾಸ್ತ್ರಾರಂಭದಲ್ಲಿ ಅನುಬಂಧಚತುಷ್ಟಯವನ್ನು ಹೇಳುವುದು ಸಂಪ್ರದಾಯ. ವಿಷಯ: ಹಾರಲಾರದ ಮಹಾಕಾಯ ಪಕ್ಷಿಗಳ ನಿರಪಾಯ ವೀಕ್ಷಣೆ. ಪ್ರಯೋಜನ ದ್ವಿವಿಧ: ವೀಕ್ಷಕನ ಚರ್ಮದ ಅಖಂಡತೆ ಮತ್ತು ಪಕ್ಷಿಯ ಸ್ವಭಾವದ ಅಖಂಡತೆ, ಇವುಗಳಲ್ಲಿ ಎರಡನೆಯದು ಕೆಟ್ಟರೆ ಮೊದಲನೆಯದು ತಾನಾಗಿ ಕೆಡುವುದರಿಂದ ಎರಡನೆಯದೇ ಪ್ರಧಾನ. ಸಂಬಂಧ: ಇತರ ಶಾಸ್ತ್ರಗಳಲ್ಲಿ ವಿಷಯಕ್ಕೂ ಅಧಿಕಾರಿಗೂ ನಿಕಟ ಸಂಬಂಧವನ್ನು ಬಯಸುತ್ತಾರೆ, ಇಲ್ಲಿ ಸಂಬಂಧವೆಂದರೆ ಅಂತರ, ಅದು ಹೆಚ್ಚಿದಷ್ಟೂ ಶಾಸ್ತ್ರ ಸಫಲ. ಅಧಿಕಾರಿ ಯಾರೆಂಬುದು ವಿವಾದಾಸ್ಪದವಾದ್ದರಿಂದ ಹಸ್ತಪ್ರಕರಣದಲ್ಲಿ ವಿಚಾರಿಸಲಾಗುವುದು.

ಈಗ ಲಕ್ಷಣ. ರೆಕ್ಕೆಯುಳ್ಳದ್ದಾಗಿಯೂ ಜಾತಿತಃ ಹಾರದ, ನಿಂತಾಗ ಪ್ರಾಪ್ತವಯಸ್ಕ ಮನುಷ್ಯನ ಎದೆಯ ಮಟ್ಟಕ್ಕಿಂತ ಮೇಲೆ ಕಣ್ಣುಳ್ಳ, ಯಾರ ಸಾಕಣೆಗೂ ಒಳಪಡದ ಪಕ್ಷಿಯೇ ವನ್ಯ ಬೃಹದನುಡ್ಡೀನ. ಇಲ್ಲಿ ಒಂದು ಪದವನ್ನೂ ಬಿಡುವಂತಿಲ್ಲ. ‘ಜಾತಿತಃ’ ಎಂಬುದಿಲ್ಲದಿದ್ದರೆ ರೆಕ್ಕೆ ಮುರಿದ ಹದ್ದಿನಲ್ಲಿ ಅತಿವ್ಯಾಪ್ತಿ. ‘ಪ್ರಾಪ್ತವಯಸ್ಕ’ ಎಂಬುದಿಲ್ಲದಿದ್ದರೆ ಬಾಲಕನೊಬ್ಬನು ನೋಡುವಾಗ ಎಂಪರರ್ ಪೆಂಗ್ವಿನ್ ಒಳನುಗ್ಗಿ, ಅವನ ತಂದೆ ನೋಡುವಾಗ ಹೊರಬಿದ್ದು, ಅದೇ ಪಕ್ಷಿ ಏಕಕಾಲದಲ್ಲಿ ಬೃಹತ್ತೂ ಅಬೃಹತ್ತೂ ಆಗುವ ಆಪತ್ತು. ‘ನಿಂತಾಗ’ ಎಂಬುದಿಲ್ಲದಿದ್ದರೆ ಕಾವಿಗೆ ಕುಳಿತ ಪಕ್ಷಿಯಲ್ಲಿ ಅವ್ಯಾಪ್ತಿ; ಅದು ಕುಳಿತ ಕೂಡಲೇ ಸಣ್ಣದಾಯಿತೆಂದು ಭಾವಿಸಿ ಸಮೀಪಿಸುವವರಿಗೆ ಶಾಸ್ತ್ರವೇ ಹೊಣೆಯಾಗಬೇಕಾದೀತು. ನ್ಯೂಜಿಲೆಂಡಿನ ಕೀವಿಯು ಎತ್ತರದ ಅಭಾವದಿಂದಲೇ ನಿರಸ್ತ.

ಈ ಲಕ್ಷಣಕ್ಕೆ ಲಕ್ಷ್ಯಗಳು ನಾಲ್ಕು: ಆಫ್ರಿಕದ ಉಷ್ಟ್ರಪಕ್ಷಿ, ದಕ್ಷಿಣ ಅಮೆರಿಕದ ರಿಯಾ, ಆಸ್ಟ್ರೇಲಿಯದ ಎಮು, ಮತ್ತು ಆಸ್ಟ್ರೇಲಿಯ–ನ್ಯೂಗಿನಿಗಳ ಕ್ಯಾಸೊವರಿ. ಮೊದಲ ಮೂರು ಬಹುತೇಕ ಬಯಲಿನ ವಾಸಿಗಳು. ದೂರದಿಂದಲೇ ಗೋಚರವಾಗುವ ಕಾರಣ ಅವುಗಳ ವಿಷಯದಲ್ಲಿ ಅಂತರಸಮಸ್ಯೆ ಸೌಮ್ಯರೂಪದ್ದು. 1932ರಲ್ಲಿ ಪಶ್ಚಿಮ ಆಸ್ಟ್ರೇಲಿಯದಲ್ಲಿ ಸೈನಿಕರು ಮೆಷಿನ್ ಗನ್ ಹಿಡಿದು ಎಮುಗಳನ್ನು ಬೆನ್ನಟ್ಟಿದ ಪ್ರಸಂಗವು ವೀಕ್ಷಣೆಯ ಲಕ್ಷಣಕ್ಕೆ ಒಳಪಡದು. ಆದರೂ ಆ ಪಕ್ಷಿಗಳು ಅಂತರವನ್ನು ಕಾಯ್ದುಕೊಂಡ ರೀತಿ ಶಾಸ್ತ್ರಸಮ್ಮತವಾಗಿತ್ತೆಂದು ದಾಖಲಿಸಬೇಕು. ಉಳಿದದ್ದು ಕ್ಯಾಸೊವರಿ. ಕ್ವೀನ್ಸ್‌ಲ್ಯಾಂಡಿನ ಉತ್ತರದ ಮಳೆಕಾಡುಗಳಲ್ಲಿ, ಡೇನ್‌ಟ್ರೀ, ಕುರಾಂಡ, ಮಿಷನ್ ಬೀಚ್, ಎಟ್ಟಿ ಬೇ ಮುಂತಾದ ಪ್ರದೇಶಗಳಲ್ಲಿ, ಅದು ಮರಗಳ ನಡುವಿನಿಂದ ಏಕಾಏಕಿ ಪ್ರಕಟವಾಗುತ್ತದೆ. ಕಪ್ಪು ಗರಿ, ನೀಲಿ ಕೊರಳು, ಎರಡು ಕೆಂಪು ಜೋಲುಚರ್ಮ, ತಲೆಯ ಮೇಲೊಂದು ಶಿರಸ್ತ್ರಾಣ. ಹೆಣ್ಣಾದರೆ ತೂಕ 70 ಕಿಲೋಗ್ರಾಂ ಮೀರಬಹುದು. ಓಟದ ವೇಗ ಗಂಟೆಗೆ 50 ಕಿಲೋಮೀಟರ್. ಶಾಸ್ತ್ರಕ್ಕೆ ಯೋಗ್ಯವಾದ ವಸ್ತು ಇದೇ.

ಅಥ ಹಸ್ತಪ್ರಕರಣ. ವೀಕ್ಷಕರನ್ನು ದೇಶ, ವಯಸ್ಸು, ವಿದ್ಯೆಗಳಿಂದ ವಿಂಗಡಿಸುವುದು ವ್ಯರ್ಥ. ಪಕ್ಷಿಯು ಇವಾವುದನ್ನೂ ಗಮನಿಸುವುದಿಲ್ಲ. ಅದು ಗಮನಿಸುವುದು ಕೈಯನ್ನು. ಆದ್ದರಿಂದ ಹಸ್ತಭೇದದಿಂದ ವೀಕ್ಷಕರು ಪಂಚವಿಧ: ಫಲಹಸ್ತ, ಯಂತ್ರಹಸ್ತ, ಶ್ವಾನಹಸ್ತ, ಯಷ್ಟಿಹಸ್ತ, ರಿಕ್ತಹಸ್ತ. ಮನುಷ್ಯನಿಗೆ ಕೈಗಳು ಎರಡಾದ್ದರಿಂದ, ಎಡಬಲಗಳ ಭೇದವನ್ನೂ ಪರಿಗಣಿಸಿದರೆ, ಒಟ್ಟು ಸಂಯೋಗಗಳು 25. ಇವುಗಳಲ್ಲಿ ಎರಡೂ ಕೈ ಬರಿದಾದದ್ದು ಒಂದೇ. ಆ ಒಂದನ್ನು ಹೊಂದಿದವನೇ ಈ ಶಾಸ್ತ್ರದ ಅಧಿಕಾರಿ. ಉಳಿದ 24 ಭೇದಗಳು ಜ್ಞಾನಾರ್ಥವಾಗಿ ಮಾತ್ರ ಪಠನೀಯ. ದುರ್ಬೀನು ಹಿಡಿದವನ ಗತಿಯೇನು ಎಂದರೆ: ದುರ್ಬೀನು ಎರಡೂ ಕೈಗಳನ್ನು ಪೂರ್ಣವಾಗಿ ಆಕ್ರಮಿಸಿ ಬಾಳೆಹಣ್ಣಿಗೆ ಅವಕಾಶವನ್ನೇ ಕೊಡದಿರುವುದರಿಂದ ಅವನನ್ನು ಉಪಚಾರದಿಂದ ರಿಕ್ತಹಸ್ತನೆಂದೇ ಗಣಿಸಬೇಕು.

ಯಂತ್ರಹಸ್ತನು ಪುನಃ ದ್ವಿವಿಧ: ಪರಮುಖಗ್ರಾಹಿ, ಸ್ವಮುಖಗ್ರಾಹಿ. ಪಕ್ಷಿಯ ಚಿತ್ರವನ್ನು ತೆಗೆಯುವವನು ಮೊದಲನೆಯವನು. ಪಕ್ಷಿಯೊಡನೆ ತನ್ನ ಚಿತ್ರವನ್ನು ತೆಗೆಯುವವನು ಎರಡನೆಯವನು. ಎರಡನೆಯವನು ಪಕ್ಷಿಗೆ ಬೆನ್ನು ಕೊಟ್ಟು ನಿಲ್ಲಬೇಕಾಗುತ್ತದೆ, ಆದ್ದರಿಂದ ಅವನು ಪಕ್ಷಿಯನ್ನು ನೋಡುತ್ತಿಲ್ಲ, ಅದರ ಪ್ರತಿಬಿಂಬವನ್ನು ನೋಡುತ್ತಿದ್ದಾನೆ. ಪ್ರತಿಬಿಂಬ ಚಿಕ್ಕದಾಗಿ ಕಾಣುವುದರಿಂದ ಬಿಂಬ ದೂರವಿದೆಯೆಂಬ ಅನುಮಿತಿ ಅವನಲ್ಲಿ ಹುಟ್ಟುತ್ತದೆ. ಇದು ಹೇತ್ವಾಭಾಸ.

ಯಷ್ಟಿಹಸ್ತನ ವಿಷಯದಲ್ಲಿ ಶಾಸ್ತ್ರವು ಸಂಕ್ಷೇಪವನ್ನೇ ಬಯಸುತ್ತದೆ. ಆಸ್ಟ್ರೇಲಿಯದಲ್ಲಿ ಕ್ಯಾಸೊವರಿಯಿಂದ ಮನುಷ್ಯನೊಬ್ಬ ಸತ್ತದ್ದು ದಾಖಲಾಗಿರುವುದು ಒಮ್ಮೆ, 1926ರಲ್ಲಿ. ದೊಣ್ಣೆ ಹಿಡಿದು ಪಕ್ಷಿಯನ್ನು ಕೊಲ್ಲಹೊರಟ 16 ವರ್ಷದ ಹುಡುಗ ಎಡವಿ ನೆಲಕ್ಕೆ ಬಿದ್ದಿದ್ದ.

ಫಲಹಸ್ತನೇ ಪ್ರಕರಣದ ನಾಯಕ. ಕ್ರಿಸ್ಟೊಫರ್ ಕೋಫ್ರನ್ ಎಂಬ ವಿಜ್ಞಾನಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ವೀನ್ಸ್‌ಲ್ಯಾಂಡಿನ 221 ಕ್ಯಾಸೊವರಿ ದಾಳಿಗಳ ವಿಶ್ಲೇಷಣೆಯಿದೆ. ಅವುಗಳಲ್ಲಿ 150 ಮನುಷ್ಯರ ಮೇಲೆ ನಡೆದಂಥವು. ಆ 150ರಲ್ಲಿ ಶೇ. 75ರಷ್ಟನ್ನು ಎಸಗಿದ್ದು ಹಿಂದೆ ಮನುಷ್ಯರೇ ತಿನ್ನಿಸಿ ರೂಢಿ ಮಾಡಿದ್ದ ಪಕ್ಷಿಗಳು. ಮರಿ–ಮೊಟ್ಟೆಗಳ ರಕ್ಷಣೆಗಾಗಿ ನಡೆದವು ಅತ್ಯಲ್ಪ. ಅರ್ಥಾತ್, ಕಾಡಿನಲ್ಲಿ ಬಿದ್ದ ಹಣ್ಣನ್ನು ಹೆಕ್ಕಿ ತಿನ್ನುತ್ತ ತನ್ನ ಪಾಡಿಗೆ ತಾನಿದ್ದ ಪಕ್ಷಿಗೆ ‘ಮನುಷ್ಯನಿದ್ದಲ್ಲಿ ಹಣ್ಣುಂಟು’ ಎಂಬ ವ್ಯಾಪ್ತಿಜ್ಞಾನವನ್ನು ಉಪದೇಶಿಸಿದವನು ಒಬ್ಬ. ಆ ವ್ಯಾಪ್ತಿಯನ್ನು ನಂಬಿ ಬಂದ ಪಕ್ಷಿಯ ಎದುರಿಗೆ ಬರಿಗೈಯಲ್ಲಿ ನಿಂತು ಒದೆ ತಿಂದವನು ಇನ್ನೊಬ್ಬ. ಕರ್ತೃವೂ ಭೋಕ್ತೃವೂ ಬೇರೆಬೇರೆಯಾದ ಕರ್ಮಕ್ಕೆ ಇದಕ್ಕಿಂತ ಸ್ಫುಟವಾದ ಉದಾಹರಣೆ ಅಲಭ್ಯ. ಕ್ವೀನ್ಸ್‌ಲ್ಯಾಂಡಿನಲ್ಲಿ ಕಾಡಿನ ಕ್ಯಾಸೊವರಿಗೆ ತಿನ್ನಿಸುವುದು ಕಾನೂನುಬಾಹಿರವಾಗಿರುವುದು ಇದೇ ಕಾರಣದಿಂದ. ದೇವಸ್ಥಾನದ ಮೆಟ್ಟಿಲ ಮೇಲೆ ಕೋತಿಗೆ ಬಾಳೆಹಣ್ಣು ಕೊಟ್ಟು ಪುಣ್ಯ ಸಂಪಾದಿಸಿದ ಅಭ್ಯಾಸವುಳ್ಳ ನಮ್ಮವರು ಇಲ್ಲಿ ವಿಶೇಷ ಜಾಗರೂಕರಾಗಿರಬೇಕು. ಆ ಸೀಮೆಯ ಇನಿಸ್‌ಫೇಲ್ ಪಟ್ಟಣದ ಸುತ್ತಮುತ್ತ ಬಾಳೆತೋಟಗಳೇ ತುಂಬಿರುವುದರಿಂದ ಪ್ರಲೋಭನದ ಸಾಮಗ್ರಿ ಸುಲಭವಾಗಿ ಸಿಗುತ್ತದೆ.

ಅಥ ದರ್ಶನಪ್ರಕರಣ. ದರ್ಶನವು ಚತುರ್ವಿಧ: ಪುರೀಷದರ್ಶನ, ನಾದದರ್ಶನ, ಪೂರ್ಣದರ್ಶನ, ಪ್ರತಿದರ್ಶನ. ನಾದವೆಂದರೆ ಪಕ್ಷಿಯು ಎದೆಯಾಳದಿಂದ ಹೊರಡಿಸುವ ಅತಿ ಮಂದ್ರವಾದ ಗುಂಯ್‌ಕಾರ. ಮನುಷ್ಯನ ಶ್ರವಣಶಕ್ತಿಯ ಕೆಳದಂಡೆಯಲ್ಲಿರುವುದರಿಂದ ಅದನ್ನು ಕೇಳಿದೆನೋ ಕೇಳಿಸಿತೆಂದುಕೊಂಡೆನೋ ಎಂಬ ಸಂಶಯ ಸಹಜ. ಪೂರ್ಣದರ್ಶನವು ಪಕ್ಷಿಯನ್ನು ನಾವು ನೋಡುವುದು; ಪ್ರತಿದರ್ಶನವು ಪಕ್ಷಿಯು ನಮ್ಮನ್ನು ನೋಡುವುದು. ಕಾಲಕ್ರಮದಲ್ಲಿ ಪ್ರತಿದರ್ಶನವೇ ಬಹುಶಃ ಮೊದಲು ಸಂಭವಿಸುತ್ತದೆ, ನಮಗೆ ತಿಳಿಯುವುದು ತಡವಾಗಿ. ಪೂರ್ಣದರ್ಶನದ ಉಪಭೇದವಾದ ಸಂತಾನಸಹಿತದರ್ಶನದಲ್ಲಿ ಪಟ್ಟೆಪಟ್ಟೆಯ ಮರಿಗಳೊಡನೆ ನಡೆಯುತ್ತಿರುವ ದೊಡ್ಡ ಪಕ್ಷಿಯನ್ನು ಬಹುತೇಕರು ‘ತಾಯಿ’ ಎನ್ನುತ್ತಾರೆ. ಅದು ಅಪ್ಪ. ಸುಮಾರು 50 ದಿನ ಕಾವು ಕುಳಿತು, ಅನಂತರ ಒಂಬತ್ತು ತಿಂಗಳ ಕಾಲ ಮರಿಗಳನ್ನು ಸಾಕುವವನು ಅವನೇ. ಲಿಂಗವಿಷಯಕ ಭ್ರಾಂತಿಯನ್ನು ಶಾಸ್ತ್ರ ಕ್ಷಮಿಸುತ್ತದೆ. ಮರಿಗಳ ಸಾಮೀಪ್ಯವನ್ನು ಕ್ಷಮಿಸುವುದಿಲ್ಲ. ಆ ವಿಷಯದಲ್ಲಿ ಅಪ್ಪನೂ ಹಾಗೆಯೇ.

ನಾಲ್ಕರಲ್ಲಿ ಪುರೀಷದರ್ಶನವೇ ಉತ್ತಮೋತ್ತಮ. ಹೇಗೆಂದರೆ, ಪುರೀಷವು ಓಡಿಬರುವುದಿಲ್ಲ, ಒದೆಯುವುದಿಲ್ಲ, ತಿನ್ನಿಸಿದರೆ ಕೆಡುವುದಿಲ್ಲ. ದಾರಿಯ ನಡುವೆ ಗುಡ್ಡೆಯಾಗಿ ಬಿದ್ದಿರುವ ಅದರೆದುರು ಮೊಣಕಾಲೂರಿ ಕುಳಿತು ನೋಡಿದರೆ, ಅರ್ಧ ಜೀರ್ಣವಾದ ತಿರುಳಿನೊಳಗೆ ಬೀಜಗಳೆಲ್ಲ ಇಡಿಯಿಡಿಯಾಗಿ ಕಾಣುತ್ತವೆ. ಕೆಲವು ನುಣುಪು, ಕೆಲವು ನಾರುನಾರು. ಕೆಲವು ಗೋಲಿಯಷ್ಟೇ ದುಂಡಗಿದ್ದು ಮೈಯೆಲ್ಲ ಗುಳಿಬಿದ್ದು ಒರಟಾಗಿರುತ್ತವೆ. ಈ ಕಡೆಯವು ನೀಲಿ ಕ್ವಾಂಡಾಂಗ್ ಹಣ್ಣಿನ ಬೀಜಗಳು, ರುದ್ರಾಕ್ಷಿಯ ಕುಲಕ್ಕೇ ಸೇರಿದಂಥವು. ಇಲ್ಲಿ ಶುದ್ಧಿವಿಚಾರ ಉದ್ಭವಿಸುತ್ತದೆ. ಪಕ್ಷಿಯ ಉದರದಿಂದ ನಿರ್ಗಮಿಸಿದ ರುದ್ರಾಕ್ಷಸಜಾತೀಯ ಬೀಜವು ಧಾರಣಯೋಗ್ಯವೇ? ಉಚ್ಛಿಷ್ಟಕ್ಕಿಂತಲೂ ಕೀಳಾದ್ದರಿಂದ ಅಲ್ಲವೆಂದು ಪೂರ್ವಪಕ್ಷ. ಕೊಡಗಿನಲ್ಲಿ ಪುನುಗುಬೆಕ್ಕಿನ ಹೊಟ್ಟೆಯಿಂದ ಹಾದುಬಂದ ಕಾಫಿಬೀಜಕ್ಕೆ ಹೆಚ್ಚಿನ ಬೆಲೆ ಬರುವುದರಿಂದ ನಿರ್ಗಮನವು ದೋಷವಲ್ಲ, ಸಂಸ್ಕಾರವೆಂದು ಏಕದೇಶಿಗಳ ಮತ. ಸಿದ್ಧಾಂತವೇನೆಂದರೆ, ರಾಷ್ಟ್ರೀಯ ಉದ್ಯಾನದಿಂದ ಬೀಜವನ್ನು ಆಯ್ದು ತರುವುದೇ ನಿಷಿದ್ಧವಾದ್ದರಿಂದ ಧಾರಣಪ್ರಶ್ನೆಯೇ ಹುಟ್ಟುವುದಿಲ್ಲ. ಅದು ಅಲ್ಲಿಯೇ ಇರತಕ್ಕದ್ದು, ಮೊಳೆಯತಕ್ಕದ್ದು. ಡೇನ್‌ಟ್ರೀಯ ರೈಪರೋಸ ಎಂಬ ಅಪರೂಪದ ಮರದ ಬೀಜ ಸಾಮಾನ್ಯವಾಗಿ ಮೊಳೆಯುವುದು ಶೇ. 4ರಷ್ಟು, ಕ್ಯಾಸೊವರಿಯ ಉದರಮಾರ್ಗವಾಗಿ ಬಂದರೆ ಶೇ. 92ರಷ್ಟು. ಹೊಟ್ಟೆಯೊಂದು ಇಷ್ಟು ಮಾಡುವುದಾದರೆ ಅದರ ಆಹಾರಕ್ರಮದಲ್ಲಿ ನಮ್ಮ ಬಿಸ್ಕತ್ತಿಗೆ ಏನು ಕೆಲಸ ಎಂದು ಕೇಳುವುದು ಅಪ್ರಸ್ತುತವಲ್ಲ.

ಅಂತರವನ್ನು ಮೀಟರುಗಳಲ್ಲಿ ಅಳೆಯುವವರುಂಟು. ಈ ಶಾಸ್ತ್ರದಲ್ಲಿ ಮಾಪನದಂಡ ಪಕ್ಷಿಯ ಕೊರಳು. ಅದು ಬಾಗಿ ಹಣ್ಣು ಹೆಕ್ಕುತ್ತಿರುವಷ್ಟು ಕಾಲ ಉದಾಸೀನಾಂತರ. ಎತ್ತಿ ನಮ್ಮತ್ತ ತಿರುಗಿದರೆ ಶಂಕಾಂತರ. ನೆಟ್ಟಗೆ ನಿಗುರಿ, ಗರಿ ಕೆದರಿ, ಬುಸುಗುಟ್ಟಿದರೆ ಪಾದಾಂತರ. ಉದಾಸೀನವು ಶಂಕೆಗೆ ತಿರುಗಿದ ಕ್ಷಣವೇ ಅಪಸರ್ಪಣಕ್ಕೆ ಮುಹೂರ್ತ.

ಅಥಾತೋ ಅಪಸರ್ಪಣಜಿಜ್ಞಾಸಾ. ಪಕ್ಷಿಗೆ ಅಭಿಮುಖನಾಗಿ, ಧಾವಿಸದೆ, ಚೀರದೆ, ಹಿಂದುಹಿಂದಕ್ಕೆ ನಡೆಯುವುದೇ ಅಪಸರ್ಪಣ. ಬೆನ್ನು ತಿರುಗಿಸಿ ಓಡುವುದು ಪಲಾಯನ. ಗಂಟೆಗೆ 50 ಕಿಲೋಮೀಟರ್ ಓಡುವ ಪ್ರತಿಪಕ್ಷವಿರುವಾಗ ಅದು ಫಲಶೂನ್ಯ. ಅಪಸರ್ಪಣ ತ್ರಿವಿಧ: ಕೇವಲ, ವೃಕ್ಷಾಂತರಿತ, ಚೀಲಾಂತರಿತ. ನಡುವೆ ಏನೂ ಇಲ್ಲದಿದ್ದರೆ ಕೇವಲ. ನಡುವೆ ಮರವನ್ನಿರಿಸಿಕೊಂಡರೆ ವೃಕ್ಷಾಂತರಿತ. ಇದರಲ್ಲಿ ಕಾಂಡದ ಅಗಲವು ವೀಕ್ಷಕನ ಅಗಲಕ್ಕಿಂತ ಕಡಿಮೆಯಿರಬಾರದು, ಇದ್ದರೆ ಹೊರಗುಳಿದ ಭಾಗದ ಮಟ್ಟಿಗೆ ಅದು ಕೇವಲಾಪಸರ್ಪಣವೇ.

ಚೀಲಾಂತರಿತವು ಸೂಕ್ಷ್ಮ. ಬೆನ್ನಚೀಲವನ್ನು ಬಿಚ್ಚಿ ಎದೆಯ ಮುಂದೆ ಹಿಡಿಯಬೇಕೆಂಬುದು ಅಲ್ಲಿನ ಅರಣ್ಯಾಧಿಕಾರಿಗಳ ವಿಧಿ. ಬೆನ್ನ ಮೇಲೆಯೇ ಇದ್ದರೆ ಆಗದೇ ಎಂದರೆ, ಬೆನ್ನ ಮೇಲಿನ ಚೀಲವು ಬೆನ್ನು ತೋರಿಸಿದವನನ್ನು ಮಾತ್ರ ರಕ್ಷಿಸುತ್ತದೆ. ಬೆನ್ನು ತೋರಿಸುವುದು ನಿಷಿದ್ಧ. ಆದ್ದರಿಂದ ಅಲ್ಲಿ ಚೀಲ ನಿಷ್ಪ್ರಯೋಜಕ. ಮುಂದೆ ಹಿಡಿದ ಚೀಲವು ನಿರಾಹಾರ, ಸಾಹಾರ ಎಂದು ದ್ವಿವಿಧ. ಸಾಹಾರಚೀಲದಲ್ಲಿ, ಅಂದರೆ ಕೋಡುಬಳೆ ಮತ್ತು ಎರಡು ಸೇಬುಗಳಿರುವ ಚೀಲದಲ್ಲಿ, ಕವಚತ್ವ ಮತ್ತು ಆಮಿಷತ್ವಗಳೆಂಬ ವಿರುದ್ಧಧರ್ಮಗಳು ಏಕಾಧಿಕರಣದಲ್ಲಿ ನೆಲೆಸುತ್ತವೆ: ಯಾವುದು ಪಕ್ಷಿಯನ್ನು ತಡೆಯಬೇಕೋ ಅದೇ ಪಕ್ಷಿಯನ್ನು ಕರೆಯುತ್ತಿದೆ. ವಿರುದ್ಧಧರ್ಮಗಳು ಒಂದೆಡೆ ಇರಲಾರವು ಎಂಬ ತಾರ್ಕಿಕರ ಆಕ್ಷೇಪಕ್ಕೆ ಅವರನ್ನೇ ಎಟ್ಟಿ ಬೇ ಕಡಲತೀರಕ್ಕೆ ಕಳುಹಿಸುವುದು ಉಚಿತ. ಅಲ್ಲಿ ಪಕ್ಷಿಗಳು ಮರಳಿನ ಮೇಲೆ ನಡೆದು ಪ್ರವಾಸಿಗರ ಬಿಡಾರದವರೆಗೂ ಬರುತ್ತವೆ.

ಅಪಸರ್ಪಣದ ಏಕೈಕ ದೋಷ ಪೃಷ್ಠಾಂಧತ್ವ. ಹಿಂದಕ್ಕೆ ನಡೆಯುವವನಿಗೆ ಹಿಂದೇನಿದೆಯೆಂದು ಕಾಣದು. ಆ ಕಾಡಿನಲ್ಲಿ ನಮ್ಮ ಮಲೆನಾಡಿನ ಬೆತ್ತದ ಕುಲದ ಮುಳ್ಳುಬಳ್ಳಿಯಿದೆ. ತುರುಚೆಯ ಬಂಧುವಾದ ಗಿಂಪಿ ಗಿಡವೂ ಇದೆ. ಗಿಂಪಿಯ ಎಲೆಯ ರೋಮ ಚುಚ್ಚಿದರೆ ನೋವು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ಆದಕಾರಣ ಪ್ರವೇಶಕಾಲದಲ್ಲಿಯೇ ನಿರ್ಗಮನಮಾರ್ಗವನ್ನು ಪರೀಕ್ಷಿಸಿ, ಗುರುತು ಮಾಡಿದ ದಾರಿಯನ್ನು ಬಿಡದೆ ನಡೆಯತಕ್ಕದ್ದು.

ವಾಹನಸ್ಥವೀಕ್ಷಣೆಗೆ ಎರಡೇ ಸೂತ್ರ: ನಿಧಾನಿಸು, ರಸ್ತೆಯಲ್ಲಿ ನಿಲ್ಲಿಸಿ ನೋಡಬೇಡ. ವಾಹನಾಘಾತವು ವಯಸ್ಕ ಪಕ್ಷಿಗಳ ಮರಣಕ್ಕೆ ಮುಖ್ಯ ಕಾರಣಗಳಲ್ಲೊಂದು, ಮತ್ತೊಂದು ನಾಯಿ. ಶ್ವಾನಹಸ್ತನು ಹಗ್ಗವನ್ನು ಬಿಟ್ಟ ಕ್ಷಣ ರಿಕ್ತಹಸ್ತನಾಗುತ್ತಾನೆಂಬುದು ನಿಜವಾದರೂ ಅಧಿಕಾರಿಯಾಗುವುದಿಲ್ಲ. ಆರ್ದ್ರ ಉಷ್ಣವಲಯದ ಆ ಕಾಡುಗಳಲ್ಲಿ ಉಳಿದಿರುವ ಪಕ್ಷಿಗಳು ಸುಮಾರು 4,400 ಎಂದು 2014ರ ಅಂದಾಜು.

ಪ್ರಯೋಗಾಸಕ್ತರಿಗೆ ವಿಜ್ಞಾಪನೆ: ಆ ಕಾಡುಗಳಿಗೆ ಸಮೀಪದ ನಗರವಾದ ಕೆಯಿರ್ನ್ಸ್‌ನಿಂದ ಹೊರಡುವ ದಿನ ಬೆಳಿಗ್ಗೆ ಬಾಳೆಹಣ್ಣನ್ನು ಕೋಣೆಯಲ್ಲೇ ತಿಂದು ಮುಗಿಸಿ, ಸಿಪ್ಪೆಯನ್ನು ಮುಚ್ಚಳವಿರುವ ಕಸದ ಡಬ್ಬಿಗೆ ಹಾಕಿ, ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ಒತ್ತಿ ನೋಡಿ, ಕೈ ತೊಳೆದುಕೊಂಡು ಹೊರಡಿ.