ಸ್ಯಾಂಗರ್ ರೇನ್ಸ್‌ಫರ್ಡ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ರೇನ್ಸ್‌ಫರ್ಡ್ ಅವರೆ,

1924ರ ಜನವರಿಯಲ್ಲಿ ಅಮೆರಿಕದ ಕೊಲಿಯರ್ಸ್ ವಾರಪತ್ರಿಕೆಯಲ್ಲಿ ರಿಚರ್ಡ್ ಕಾನೆಲ್ ನಿಮ್ಮ ಕಥೆ ಹೇಳಿದರು. ‘ದಿ ಮೋಸ್ಟ್ ಡೇಂಜರಸ್ ಗೇಮ್’ ಇಂದಿಗೂ ಓದುಗರನ್ನು ತುದಿಗಾಲಲ್ಲಿ ನಿಲ್ಲಿಸುತ್ತದೆ. ಕೊನೆಗೆ ನೀವು ಬದುಕಿದಿರಲ್ಲ ಎಂದು ಎಲ್ಲರೂ ಸಮಾಧಾನಪಡುತ್ತಾರೆ. ನನಗೆ ಅಷ್ಟು ಸಾಲದು. ಬದುಕಿ ಉಳಿದವರು ಯಾವ ರೇನ್ಸ್‌ಫರ್ಡ್ ಎಂಬುದು ತಿಳಿಯಬೇಕು. ಅದಕ್ಕೇ ಈ ಪತ್ರ.

ಜಾಗ್ವಾರ್ ಬೇಟೆಗೆ ಹೊರಟ ನೌಕೆಯಲ್ಲಿ ಗೆಳೆಯ ವಿಟ್ನಿ ನಿಮಗೊಂದು ಮಾತು ಹೇಳಿದ್ದರು: ಬೇಟೆಯ ಪ್ರಾಣಿಗೂ ನೋವಿನ ಭಯ, ಸಾವಿನ ಭಯ ಗೊತ್ತು ಎಂದು. ನೀವದನ್ನು ತಳ್ಳಿಹಾಕಿದಿರಿ. ಲೋಕದಲ್ಲಿರುವುದು ಬೇಟೆಯಾಡುವವರು ಮತ್ತು ಬೇಟೆಯಾಗುವವರು ಎಂಬ ಎರಡೇ ವರ್ಗ, ಪುಣ್ಯಕ್ಕೆ ನಾವು ಮೊದಲನೆಯದರಲ್ಲಿದ್ದೇವೆ ಎಂಬುದು ನಿಮ್ಮ ನಿಲುವಾಗಿತ್ತು. ಅದೇ ರಾತ್ರಿ ಕತ್ತಲಿನಿಂದ ಮೂರು ಗುಂಡುಗಳ ಸದ್ದು ಕೇಳಿತು. ಬಾಯಿಂದ ಜಾರಿದ ಪೈಪನ್ನು ಹಿಡಿಯಲು ಹೋಗಿ ಕೆರಿಬಿಯನ್ ಕಡಲಿಗೆ ಬಿದ್ದಿರಿ. ಮುಂದಿನದೆಲ್ಲ ಆ ನಿಲುವಿಗೆ ಬಂದ ಪರೀಕ್ಷೆ.

ಈಜಿ ಸೇರಿದ ದ್ವೀಪದಲ್ಲಿ ನಿಮಗೆ ಸಿಕ್ಕ ಪರೀಕ್ಷಕನೂ ಸಾಮಾನ್ಯನಲ್ಲ. ರಷ್ಯಾದ ಕ್ರಾಂತಿಯ ನಂತರ ದೇಶ ಬಿಟ್ಟ ಕೊಸಾಕ್ ಜನರಲ್ ಜಾರಾಫ್ ನಿಮಗೆ ಒಳ್ಳೆಯ ಊಟ ಹಾಕಿದ, ಶಾಂಪೇನ್ ಕೊಟ್ಟ, ಟಿಬೆಟ್ಟಿನ ಹಿಮಚಿರತೆಗಳ ಬಗ್ಗೆ ನೀವು ಬರೆದ ಪುಸ್ತಕವನ್ನು ಓದಿದ್ದೇನೆಂದ. ಮಿಕ್ಕ ಪ್ರಾಣಿಗಳು ಬೇಸರ ತಂದಿವೆ, ಯೋಚಿಸಬಲ್ಲ ಪ್ರಾಣಿಯೇ ಈಗ ತನ್ನ ಬೇಟೆ ಎಂದ. ನೀವು ಅದನ್ನು ಕೊಲೆ ಎಂದೇ ಕರೆದಿರಿ. ಆ ಧೈರ್ಯಕ್ಕೆ ನನ್ನ ಗೌರವವಿದೆ. ಆದರೆ ಅವನ ವಾದದ ಬೇರು ನೌಕೆಯಲ್ಲಿ ನೀವಾಡಿದ ಮಾತಿನಲ್ಲೇ ಇತ್ತು. ಬಲಶಾಲಿಗೆ ದುರ್ಬಲನ ಮನಸ್ಸು ತಿಳಿಯಬೇಕಿಲ್ಲ ಎಂದು ನೀವು ಒಪ್ಪಿಕೊಂಡಿದ್ದಿರಿ. ಅವನು ಇನ್ನೊಂದೇ ಹೆಜ್ಜೆ ಮುಂದೆ ಹೋಗಿದ್ದ.

ಇನ್ನು, ಅವನ ಬೇಟೆಯಾಗಿ ಕಾಡಿಗೆ ಓಡಿದ ನೀವು ಮರದ ಮೇಲೆ ಅಡಗಿ ಕುಳಿತ ಆ ರಾತ್ರಿ. ಕೆನೆತ್ ಆಂಡರ್ಸನ್ ಅವರ ಶಿಕಾರಿಯ ಅನುಭವಗಳನ್ನು ತೇಜಸ್ವಿಯವರ ಕನ್ನಡದಲ್ಲಿ ಓದಿ ಬೆಳೆದ ನಮಗೆ ಮರದ ಮೇಲೆ ಕುಳಿತವನ ಕೈಯಲ್ಲಿ ಕೋವಿ ಇರುವುದೇ ರೂಢಿ. ಕಾನೆಲ್ ನಮ್ಮನ್ನು ಕೋವಿಯಿಲ್ಲದೆ ನಿಮ್ಮ ಪಕ್ಕದ ಕೊಂಬೆಯಲ್ಲಿ ಕೂರಿಸುತ್ತಾರೆ. ಜನರಲ್‌ನ ನೋಟ ಬೊಡ್ಡೆಯಿಂದ ಇಂಚಿಂಚಾಗಿ ಮೇಲೇರುತ್ತದೆ, ನೀವಿರುವ ಕೊಂಬೆಗೆ ತುಸು ಕೆಳಗೇ ನಿಲ್ಲುತ್ತದೆ. ಅವನು ನಗುತ್ತಾನೆ, ಹೊಗೆಯ ಉಂಗುರ ಬಿಡುತ್ತಾನೆ, ಹೊರಟುಹೋಗುತ್ತಾನೆ. ಗುಂಡು ಹಾರಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಕಂಡೂ ಬಿಟ್ಟನೆಂದು ನಿಮಗೆ ಹೊಳೆದಾಗಲೇ ನಮ್ಮ ಎದೆಬಡಿತ ಏರುವುದು. ಈ ಕಥೆಯ ಕುತೂಹಲ ಹುಟ್ಟುವುದು ಪಾತ್ರದ ಗುಣದಿಂದ: ಬೇಸರ ಅವನನ್ನು ಬೇಟೆಗೆ ಎಳೆಯಿತು, ಆಟ ಬೇಗ ಮುಗಿಯಬಾರದೆಂಬ ಆಸೆ ನಿಮಗೆ ಇನ್ನೊಂದು ದಿನ ಕೊಟ್ಟಿತು. ವಿಟ್ನಿ ಹೇಳಿದ ಭಯ ಏನೆಂದು ನೀವು ಅರಿತದ್ದೂ ಆ ಕೊಂಬೆಯ ಮೇಲೆಯೇ.

ಆಮೇಲೆ ನೀವು ಹೂಡಿದ ಉಪಾಯಗಳು ಒಂದಕ್ಕಿಂತ ಒಂದು ಘೋರವಾದವು. ಮಲಯದ ಬಲೆಗೆ ಅವನ ಭುಜ ಗಾಯಗೊಂಡಿತು, ಬರ್ಮಾದ ಹುಲಿಗುಂಡಿಗೆ ಅವನ ನಾಯಿ ಬಿತ್ತು, ಉಗಾಂಡದಲ್ಲಿ ಕಲಿತಂತೆ ಬಾಗಿಸಿದ ಎಳೆಮರಕ್ಕೆ ಕಟ್ಟಿದ ಚಾಕು ಅವನ ಸೇವಕ ಇವಾನ್‌ನ ಜೀವ ತೆಗೆಯಿತು. ಪ್ರತಿ ಸಲವೂ ನಾವು ನಿಮ್ಮ ಪರವೇ ನಿಂತೆವು. ನಮ್ಮನ್ನು ಹಾಗೆ ನಿಲ್ಲಿಸಿದ್ದು ಕಾನೆಲ್ ಅವರ ಜಾಣ್ಮೆ.

ಕೊನೆಗೆ ನೀವು ಕಡಲಿಗೆ ಹಾರಿದಾಗ ಅವರು ನಮ್ಮನ್ನು ಜನರಲ್‌ನ ಊಟದ ಮನೆಗೆ ಕರೆದೊಯ್ಯುತ್ತಾರೆ. ಊಟ ಮುಗಿಸಿ ಮಲಗುವ ಕೋಣೆಗೆ ಹೋದ ಅವನು ದೀಪ ಹಾಕಿದಾಗ ಮಂಚದ ಪರದೆಯ ಹಿಂದೆ ನೀವು! ಆಟ ಗೆದ್ದಿರಿ ಎಂದು ಅವನು ಅಭಿನಂದಿಸಿದರೂ ನೀವು ಆಟ ಮುಗಿಸಲಿಲ್ಲ. ಕಾದಾಟವನ್ನು ಕಾನೆಲ್ ತೋರಿಸುವುದೇ ಇಲ್ಲ. ಇಷ್ಟು ಒಳ್ಳೆಯ ಹಾಸಿಗೆಯಲ್ಲಿ ಎಂದೂ ಮಲಗಿರಲಿಲ್ಲವೆಂಬ ನಿಮ್ಮ ತೀರ್ಮಾನದೊಂದಿಗೆ ಕಥೆ ನಿಲ್ಲುತ್ತದೆ.

ಜಾರಾಫ್ ಸತ್ತದ್ದಕ್ಕೆ ನಾನು ಮರುಗುವುದಿಲ್ಲ. ಆದರೆ ಅವನ ನೆಲಮಾಳಿಗೆಯಲ್ಲಿ ಮುಂದಿನ ಬೇಟೆಗಳಿಗೆಂದು ಸುಮಾರು ಒಂದು ಡಜನ್ ನಾವಿಕರು ಬಂಧಿಗಳಾಗಿದ್ದರು. ಸ್ಯಾನ್ ಲುಕಾರ್ ಎಂಬ ಸ್ಪೇನಿನ ಹಡಗು ಅಲ್ಲಿನ ಬಂಡೆಗಳಿಗೆ ಬಡಿದು ಒಡೆದಾಗ ಸಿಕ್ಕವರು. ಜನರಲ್ ಸ್ವತಃ ಊಟದ ಮೇಜಿನಲ್ಲೇ ನಿಮಗಿದನ್ನು ಹೇಳಿದ್ದ. ಆಮೇಲೆ ಕಥೆಯಲ್ಲಿ ಅವರ ಸುದ್ದಿಯೇ ಇಲ್ಲ. ಮೂರು ದಿನ ಬೇಟೆಯ ಪ್ರಾಣಿಯಾಗಿದ್ದ ನಿಮಗೆ, ಆ ಮಂಚದಲ್ಲಿ ಮಲಗುವ ಮೊದಲು, ಕೆಳಗೆ ತಮ್ಮ ಸರದಿಗೆ ನಡುಗುತ್ತಿದ್ದವರ ನೆನಪಾಯಿತೆ?

ಬೇಟೆಯ ಬಗ್ಗೆ ಪುಸ್ತಕ ಬರೆದವರು ನೀವು. ಇನ್ನೊಂದನ್ನು ಬರೆಯಿರಿ. ಆ ಬಂಧಿಗಳನ್ನು ಯಾವಾಗ ಬಿಡಿಸಿದಿರಿ ಎಂಬುದು ಅದರ ಮೊದಲ ಅಧ್ಯಾಯವಾಗಲಿ. ನೀವು ಬೇಟೆಗಾರರಾಗಿಯೇ ಉಳಿದಿರೋ, ಬದಲಾದಿರೋ ಎಂಬುದನ್ನು ಜಾರಾಫ್‌ನ ಸಾವಿನಿಂದ ನಾವು ಅಳೆಯಲಾರೆವು. ಆ ಉತ್ತರದಿಂದ ಅಳೆಯುತ್ತೇವೆ.

ಇಂತಿ,
ನಿಮ್ಮ ಕಥೆಯ ಒಬ್ಬ ಕನ್ನಡ ಓದುಗ