ಬರಲಿರುವ ಕ್ಯಾಮೆರಾದ ಸೋದರಮಾವ

ಬಸವನಗುಡಿಯಲ್ಲಿ ಏಕಾದಶಿ ಇವತ್ತೋ ನಾಳೆಯೋ ಎಂದು ತೀರ್ಮಾನಿಸಿ ಹೇಳುವವರು ಬೀದಿಗೊಬ್ಬರು ಸಿಗುತ್ತಾರೆ. ಜರ್ಮನಿಯ ವೆಟ್ಸ್‌ಲಾರ್ ಎಂಬ ಊರಿನ ಕಾರ್ಖಾನೆಯಿಂದ ಮುಂದಿನ ಲೈಕಾ ಕ್ಯಾಮೆರಾ ಯಾವ ತಿಂಗಳು ಹೊರಬೀಳುತ್ತದೆ, ಅದಕ್ಕೆ ಗುಂಡಿ ಎಷ್ಟು, ಮೇಲಿನ ತಗಡು ಹಿತ್ತಾಳೆಯದೋ ಅಲ್ಯೂಮಿನಿಯಮ್ಮಿನದೋ ಎಂದು ಹೇಳುವವರು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಇರುವ ನಾಲ್ಕಾರು ಮಂದಿಯಲ್ಲಿ ಒಬ್ಬರು ನನ್ನ ಸೋದರಮಾವ ಆಗಿರುವುದು ನನ್ನ ಪ್ರಾರಬ್ಧ.

ಈ ಪಂಗಡದವರು ಕೈಯಲ್ಲಿರುವ ಕ್ಯಾಮೆರಾದ ಬಗ್ಗೆ ಮಾತಾಡುವುದಿಲ್ಲ. ಅಂಗಡಿಗೆ ಬಂದದ್ದರ ಬಗ್ಗೆಯೂ ಉತ್ಸಾಹ ಅಷ್ಟಕ್ಕಷ್ಟೇ. ಕ್ಯಾಮೆರಾ ಇನ್ನೂ ಬಂದಿರಬಾರದು, ಕಂಪನಿಯವರು ಬಾಯಿ ಬಿಟ್ಟಿರಬಾರದು, ಎಲ್ಲಿಂದಲೋ ಒಂದೇ ಒಂದು ಫೋಟೊ ಮಾತ್ರ ಲೀಕ್ ಆಗಿರಬೇಕು. ಆಗ ಇವರಿಗೆ ಹಬ್ಬ. ಆ ಫೋಟೊವನ್ನಾದರೂ ನೀವು ನೋಡಬೇಕು. ರೆಪ್ಪೆಯ ಕೂದಲು ಎಣಿಸಬಲ್ಲ ಆರು ಕೋಟಿ ಪಿಕ್ಸೆಲ್‌ಗಳ ಕ್ಯಾಮೆರಾವನ್ನು ಜಗತ್ತಿಗೆ ಮೊದಲು ತೋರಿಸುವ ಪುಣ್ಯಾತ್ಮನಿಗೆ ಸದಾ ಕೈ ನಡುಗುತ್ತಿರುತ್ತದೆ. ಅವನ ಮೊಬೈಲಿನ ಲೆನ್ಸಿಗೆ ಸದಾ ಎಣ್ಣೆ ಮೆತ್ತಿರುತ್ತದೆ.

ಮಾವ ಸರ್ಕಾರಿ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಆಯಸ್ಸು ಸವೆಸಿ ನಿವೃತ್ತರಾದವರು. ಮೈಕ್ರಾನ್ ಲೆಕ್ಕದಲ್ಲಿ ಲೋಹ ಉಜ್ಜಿದ ಕೈ. ಮಸುಕು ಫೋಟೊ ಫೋನಿಗೆ ಬಂದ ಕೂಡಲೇ ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ತೊಟ್ಟು ಪರದೆಯ ಮೇಲೆ ಬಾಗುತ್ತಾರೆ. "ನೋಡೋ, ಈ ಡಯಲ್ಲು ಎರಡು ಮಿಲಿಮೀಟರ್ ಈಚೆ ಬಂದಿದೆ. ಅಂದ್ರೆ ಒಳಗೆ ಬ್ಯಾಟರಿ ದೊಡ್ಡದು ಮಾಡಿದಾರೆ." ಹೊತ್ತು ಬೆಳಗಿನ ಆರೂವರೆ, ಸ್ಥಳ ಕೃಷ್ಣರಾವ್ ಪಾರ್ಕಿನ ಕಲ್ಲುಬೆಂಚು, ಸಿಕ್ಕಿಬಿದ್ದವನು ವಾಕಿಂಗ್‌ಗೆಂದು ಹೋದ ನಾನು.

ಫೋಟೊ ಸಿಗದಿದ್ದರೂ ಇವರ ಕೈ ಕಟ್ಟುವುದಿಲ್ಲ. ವೈಫೈ, ಬ್ಲೂಟೂತ್ ಇರುವ ಸಾಮಾನನ್ನು ಮಾರುವ ಮುಂಚೆ ದೂರಸಂಪರ್ಕ ಇಲಾಖೆಗಳಲ್ಲಿ ನೋಂದಾಯಿಸಬೇಕಲ್ಲ? ಆ ಕಡತಗಳಲ್ಲಿ ಹೆಸರಿರುವುದಿಲ್ಲ, ಬರೀ ಒಂದು ನಂಬರು. ಆ ನಂಬರು ಹಿಡಿದು ಮಾವ ಹುಟ್ಟದ ಮಗುವಿನ ಜಾತಕ ಬರೆದುಬಿಡುತ್ತಾರೆ. ಮಲ್ಲೇಶ್ವರದಲ್ಲಿ ಇವರಿಗೊಬ್ಬ ಎದುರಾಳಿ ಇದ್ದಾರೆ. ಅವರದು ಬೇರೆ ಜಾತಕ. ಭಾನುವಾರ ಬೆಳಿಗ್ಗೆ ವಿದ್ಯಾರ್ಥಿ ಭವನದ ಮುಂದೆ ಹೆಸರು ಬರೆಸಿ ಕಾಯುವಾಗ ಇಬ್ಬರೂ ವಾದಕ್ಕೆ ನಿಂತರೆಂದರೆ, ಒಳಗಿನಿಂದ ಹೆಸರು ಕೂಗಿದರೂ ಕೇಳಿಸುವುದಿಲ್ಲ. ಹೀಗೆ ನಾನು ಎರಡು ಮಸಾಲೆ ದೋಸೆಯ ಸರದಿ ಕಳೆದುಕೊಂಡಿದ್ದೇನೆ, ಮರೆತಿಲ್ಲ.

ಇವರು ಎಲ್ಲ ಕ್ಯಾಮೆರಾಗಳ ಭಕ್ತರಲ್ಲ, ರೇಂಜ್‌ಫೈಂಡರ್ ಎಂಬ ಒಂದೇ ದೈವದ ಒಕ್ಕಲು. ಅದರಲ್ಲಿ ಲೆನ್ಸಿನ ಮೂಲಕ ನೋಡುವ ಏರ್ಪಾಟಿಲ್ಲ. ಮೂಲೆಯಲ್ಲಿ ಒಂದು ಕಿಟಕಿ, ಸ್ವಲ್ಪ ಆಚೆ ಇನ್ನೊಂದು ಪುಟಾಣಿ ಕಿಟಕಿ. ಎರಡರ ಬಿಂಬವೂ ನಡುವಿನ ಚೌಕದಲ್ಲಿ ಬಿದ್ದು ಎದುರು ನಿಂತವನಿಗೆ ಎರಡು ಮೂಗು ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸುತ್ತ ಹೋಗಿ ಎರಡು ಮೂಗೂ ಒಂದಾದರೆ ಫೋಕಸ್ ಆಯಿತು ಎಂದರ್ಥ. 1954ರಲ್ಲಿ ಬಂದ ಲೈಕಾ ಎಂ3ರಿಂದ 2022ರ ಎಂ11ರವರೆಗೆ ಇದೇ ಸಂಪ್ರದಾಯ. 135 ಮಿಲಿಮೀಟರ್ ದಾಟಿದ ಉದ್ದ ಲೆನ್ಸು ಇದಕ್ಕೆ ಒಗ್ಗುವುದಿಲ್ಲ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಇದೇ ಬೆಂಗಳೂರಲ್ಲಿದ್ದು ವನ್ಯಜೀವಿಗಳ ಫೋಟೊ ತೆಗೆದು ಹೊರದೇಶದಲ್ಲೆಲ್ಲ ಹೆಸರು ಮಾಡಿದರಲ್ಲ, ಅವರಿಗೆ ಇದು ಬೇಕಾಯಿತೇ ಎಂದು ಕೆಣಕಿದರೆ ಮಾವ ಗಂಭೀರವಾಗುತ್ತಾರೆ. "ಅವರು ದೊಡ್ಡವರು ಕಣೋ. ಆದ್ರೆ ಹುಲಿಗೆ ಬೇರೆ ಕ್ಯಾಮೆರಾ. ಇದು ಮನುಷ್ಯರಿಗೆ." ಅಲ್ಲಿಂದ ಮಾತು ನೇರ ಕಾರ್ತಿಯೇ-ಬ್ರೆಸ್ಸೋಗೆ ಹೋಗುತ್ತದೆ. 1948ರ ಜನವರಿ 30ರಂದು, ಗುಂಡು ಬೀಳುವ ಕೆಲವೇ ತಾಸು ಮೊದಲು, ಆ ಫ್ರೆಂಚ್ ಮಹಾಶಯ ಗಾಂಧೀಜಿಯನ್ನು ಕಂಡು ಫೋಟೊ ತೆಗೆದಿದ್ದರು. ಮಾವ ಹೇಳುವ ಧಾಟಿ ಕೇಳಿದರೆ ಆವತ್ತು ಲೈಕಾದ ಚೀಲ ಹೊತ್ತಿದ್ದವರು ಇವರೇ ಇರಬೇಕು.

ಇವರ ಸ್ವಂತ ಕ್ಯಾಮೆರಾ ಮಾತ್ರ ಲೈಕಾ ಅಲ್ಲ. ಯಾಶಿಕಾ ಎಲೆಕ್ಟ್ರೊ 35. ಜಪಾನಿನವರು 1966ರಲ್ಲಿ ತಂದ, ಮಧ್ಯಮ ವರ್ಗದ ಕೈಗೆಟಕುವ ರೇಂಜ್‌ಫೈಂಡರ್. ಅದರ ಪಾದರಸದ ಬ್ಯಾಟರಿ ಮಾರುಕಟ್ಟೆಯಲ್ಲಿ ನಿಂತುಹೋದಾಗ ಮಾವ ಹಿತ್ತಾಳೆಯ ಕೊಳವೆ ಕಡೆದು, ಸ್ಪ್ರಿಂಗ್ ಇಟ್ಟು, ಗಡಿಯಾರದ ಬ್ಯಾಟರಿಗಳನ್ನು ಜೋಡಿಸಿ ಅದಕ್ಕೆ ಮರುಜೀವ ಕೊಟ್ಟರು. ಆ ಯಾಶಿಕಾದಿಂದಲೇ ನನ್ನ ಮದುವೆ ನಡೆದದ್ದು, ಅಥವಾ ನಡೆಯದೆ ಹೋಗುವುದರಲ್ಲಿದ್ದದ್ದು.

ಚಾಮರಾಜಪೇಟೆಯ ಛತ್ರ. "ಮನೇಲೇ ನಾನಿರುವಾಗ ಸ್ಟುಡಿಯೋದವರು ಯಾಕೆ, ದುಡ್ಡು ದಂಡ" ಎಂದು ಮಾವ ನಿಶ್ಚಿತಾರ್ಥದ ದಿನವೇ ಘೋಷಿಸಿದ್ದರು. ಸೋದರಮಾವನ ಮಾತಿಗೆ ಎದುರಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಗಟ್ಟಿಮೇಳ ಮೊಳಗಿತು. ಅಕ್ಷತೆ ಬಿತ್ತು. ನಾನು ಬೆವರುತ್ತ ಒಂದು, ಎರಡು, ಮೂರು ಗಂಟು ಹಾಕಿ ಮುಗಿಸಿದೆ. ಮಾವನ ಕಿಟಕಿಯಲ್ಲಿ ನನಗಿನ್ನೂ ಎರಡು ಮೂಗು. "ತಡಿಯೋ, ತಡಿ! ಆ ಮೂರನೇ ಗಂಟು ಬಿಚ್ಚಿ ಇನ್ನೊಂದ್ಸಲ ಹಾಕು, ಈಗ ಸರಿಹೋಯ್ತು!" ಓಲಗ ಗಕ್ಕನೆ ನಿಂತಿತು. ನನ್ನ ಅತ್ತೆಮನೆಯವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಪುರೋಹಿತರು ನಿಧಾನವಾಗಿ ತಿರುಗಿ, "ಸ್ವಾಮಿ, ಕಟ್ಟೋದಕ್ಕೆ ಮಂತ್ರ ಇದೆ. ಬಿಚ್ಚೋದಕ್ಕೆ ನನ್ನ ಹತ್ರ ಇಲ್ಲ" ಅಂದರು. ಅಷ್ಟು ಹೊತ್ತೂ ತಲೆ ಬಗ್ಗಿಸಿ ಕೂತಿದ್ದ ನನ್ನ ಹೆಂಡತಿಗೆ ತಡೆಯಲಾಗದ ನಗು ಬಂತು. ಮಾವ ಕ್ಲಿಕ್ಕಿಸಿದ್ದು ಆಗ. ನಮ್ಮ ಆಲ್ಬಮ್ಮಿನಲ್ಲಿ ಧಾರೆಯಿಲ್ಲ, ಮಾಂಗಲ್ಯಧಾರಣೆಯಿಲ್ಲ, ಸಪ್ತಪದಿಯಲ್ಲಿ ಬರೀ ಕಾಲು. ಆದರೆ ಬಾಸಿಂಗದ ಕೆಳಗೆ ಬಾಯಿ ಮುಚ್ಚಿ ನಗುತ್ತಿರುವ ಹುಡುಗಿಯ ಆ ಒಂದು ಚಿತ್ರ ಇದೆ. ಅಂಥದ್ದನ್ನು ಯಾವ ಸ್ಟುಡಿಯೋದವರೂ ತೆಗೆದುಕೊಡುತ್ತಿರಲಿಲ್ಲ. ಇದನ್ನು ಮಾವನಿಗೆ ಹೇಳಿಲ್ಲ, ಹೇಳಿದರೆ ಮುಂದಿನ ತಲೆಮಾರಿನ ಮದುವೆಗಳೂ ಅವರ ಕೈಗೆ ಹೋಗುತ್ತವೆ.

ಕಡಲೆಕಾಯಿ ಪರಿಷೆಯದು ಇನ್ನೊಂದು ಕಥೆ. ಲೆನ್ಸಿನಿಂದ ನೋಡದ ಕ್ಯಾಮೆರಾ ಆದ್ದರಿಂದ ಮುಚ್ಚಳ ತೆಗೆಯದಿದ್ದರೂ ಕಿಟಕಿಯಲ್ಲಿ ಎಲ್ಲವೂ ಸೊಗಸಾಗಿ ಕಾಣುತ್ತಿರುತ್ತದೆ. ಒಂದು ಕಾರ್ತಿಕ ಸೋಮವಾರ ಬಸವಣ್ಣ, ಕಡಲೆಕಾಯಿ ರಾಶಿ, ಬುಗ್ಗೆ ಮಾರುವವನು ಸಮೇತ ಇಡೀ ಪರಿಷೆ ಮುಚ್ಚಳದೊಳಗೇ ನಡೆದುಹೋಯಿತು.

ಡಿಜಿಟಲ್ ಕಾಲ ಬಂದ ಮೇಲೆ ಮಾವ ಕಾಯುವ ವ್ರತ ಹಿಡಿದರು. 2004ರಲ್ಲಿ ಎಪ್ಸನ್ ಕಂಪನಿ ಆರ್-ಡಿ1 ಎಂಬ ಮೊದಲ ಡಿಜಿಟಲ್ ರೇಂಜ್‌ಫೈಂಡರ್ ತಂದಿತು. ರೀಲೇ ಇಲ್ಲದ ಕ್ಯಾಮೆರಾಕ್ಕೆ ರೀಲು ಎಳೆಯುವಂಥದೇ ಲಿವರ್ ಇಟ್ಟು, ಎಳೆಯದಿದ್ದರೆ ಶಟರ್ ಬೀಳದಂತೆ ಮಾಡಿದ್ದರು. ಮಾವನ ಕಣ್ಣಲ್ಲಿ ನೀರು ಬಂದದ್ದು ನಿಜ, ದುಡ್ಡು ಹೊರಗೆ ಬರಲಿಲ್ಲ. 2006ರಲ್ಲಿ ಲೈಕಾ ಎಂ8. ಅದರ ಸೆನ್ಸರಿಗೆ ಕಣ್ಣಿಗೆ ಕಾಣದ ಅವಗೆಂಪು ಬೆಳಕೂ ಕಂಡು, ಕಪ್ಪು ನೈಲಾನ್ ಬಟ್ಟೆಗಳೆಲ್ಲ ನೇರಳೆಗೆ ತಿರುಗಿದವು. ಕಂಪನಿಯೇ ಕೊಂಡವರಿಗೆ ಎರಡೆರಡು ಫಿಲ್ಟರ್ ಬಿಟ್ಟಿ ಕೊಟ್ಟಿತು. "ವಕೀಲರ ಕೋಟು ನೇರಳೆ ಆದ್ರೆ ಏನಂತೆ, ಒಳ್ಳೇದೇ" ಎಂದು ಮಾವ ಕಂಪನಿಯ ಪರ ವಕಾಲತ್ತು ವಹಿಸಿದರು.

2009ರಲ್ಲಿ ಎಂ9 ಸುದ್ದಿ ಬಂತು. ಹಳೆಯ ಫಿಲ್ಮಿನ ಅಳತೆಯದೇ ಸೆನ್ಸರು, 24ಕ್ಕೆ 36 ಮಿಲಿಮೀಟರ್. ಬಿಡುಗಡೆಗೆ ಮುಂಚೆಯೇ ಚಿತ್ರಗಳು ಹೊರಬಿದ್ದು, ಮಾವನ ನಿದ್ದೆ ಹೋಯಿತು. ಬಿಡುಗಡೆಯ ದಿನವೋ, ಒಂಬತ್ತನೇ ತಿಂಗಳ ಒಂಬತ್ತನೇ ತಾರೀಖು, ಒಂಬತ್ತನೇ ಇಸವಿ. ಸಂಖ್ಯಾಶಾಸ್ತ್ರ ನಂಬದ ಮಾವ ಆ ಒಂದು ವಾರ ನಂಬಿದರು. ಅವರ ಹೆಂಡತಿ, ನಮ್ಮತ್ತೆ, ಮಾತ್ರ ಗೋಡೆಯ ಕ್ಯಾಲೆಂಡರ್ ನೋಡಿ, "ಪಿತೃಪಕ್ಷದಲ್ಲಿ ಯಾರಾದ್ರೂ ಹೊಸ ಸಾಮಾನು ಹೊರಗೆ ತರ್ತಾರೇನ್ರೀ?" ಅಂದರು.

"ಜರ್ಮನಿಯವರಿಗೆ ಪಿತೃಪಕ್ಷ ಎಲ್ಲಿ ಬರುತ್ತೆ?"

"ಯಾಕೆ, ಅವರಿಗೆ ಪಿತೃಗಳಿಲ್ವೆ?"

ಇದಕ್ಕೆ ಮಾವನಲ್ಲಿ ಉತ್ತರವಿರಲಿಲ್ಲ. ಎಫ್.ಡಿ. ಮುರಿಸಲೆಂದು ಬ್ಯಾಂಕಿಗೆ ಹೋದವರು, ಸರದಿಯಲ್ಲಿ ನಿಂತು, ಕೌಂಟರ್ ಹತ್ತಿರ ಬಂದಾಗ ಅದನ್ನು ಇನ್ನೊಂದು ವರ್ಷಕ್ಕೆ ನವೀಕರಿಸಿ ಬಂದರು. ಐದು ವರ್ಷದ ಮೇಲೆ, 2014ರಲ್ಲಿ, ಎಂ9ರ ಸೆನ್ಸರಿನ ಮೇಲಿನ ಗಾಜು ತೇವಕ್ಕೆ ಸವೆದು ಕಲೆ ಬೀಳುತ್ತಿದೆಯೆಂದು ಕಂಪನಿ ಒಪ್ಪಿಕೊಂಡು ಪುಕ್ಕಟೆ ಬದಲಾಯಿಸಿಕೊಡತೊಡಗಿತು. ಮಾವ ಸುದ್ದಿ ಓದಿ ಹೇಳಿದಾಗ ಅತ್ತೆ ಬೀನ್ಸ್ ಸೋಸುತ್ತಿದ್ದರು. ತಲೆ ಎತ್ತಲಿಲ್ಲ. "ಪಕ್ಷದಲ್ಲಿ ಹುಟ್ಟಿದ್ದು" ಎಂದಷ್ಟೇ ಹೇಳಿ ಮುಂದಿನ ನಾರು ಎಳೆದರು.

ಅಂದಿನಿಂದ ಪ್ರತಿ ಲೀಕಿಗೂ ಆ ಎಫ್.ಡಿ. ಬ್ಯಾಂಕಿನವರೆಗೆ ಹೋಗಿ ನವೀಕರಣಗೊಂಡು ಬರುತ್ತದೆ. ಈ ವ್ಯಸನದಿಂದ ಮಾವನಷ್ಟು ಬಡ್ಡಿ ಗಳಿಸಿದವರು ಲೋಕದಲ್ಲಿ ಇನ್ನೊಬ್ಬರಿರಲಾರರು. ಏನು ಮಾಡುವುದು, ಆ ಕಡೆ ಬೆಲೆಯೂ ಕೂತಿಲ್ಲ. ಎಂ11 ಬಂದಾಗ ಅಮೆರಿಕದಲ್ಲಿ 8,995 ಡಾಲರ್. ಅಂದಿನ ಲೆಕ್ಕದಲ್ಲಿ ಆರೂವರೆ ಲಕ್ಷ ರೂಪಾಯಿಗೂ ಮೇಲೆ, ಅದೂ ಲೆನ್ಸಿಲ್ಲದ ಬರಿಯ ಬುರುಡೆಗೆ. ಕ್ಯಾಮೆರಾ ಬರದಿದ್ದರೂ ಅದರ ಚರ್ಮದ ಪಟ್ಟಿ ಬಂದಿದೆ. "ಆಮೇಲೆ ಹುಡುಕೋದು ಬೇಡ" ಎಂದು ತರಿಸಿ ಛತ್ರಿಯ ಪಕ್ಕದ ಮೊಳೆಗೆ ನೇತುಹಾಕಿದ್ದಾರೆ. ಕರೀ ಟೇಪೂ ಬಂದಿದೆ. ಲೈಕಾದ ಹಣೆಯ ಮೇಲೆ ಒಂದು ಕೆಂಪು ಬೊಟ್ಟಿರುತ್ತದೆ. ಬೀದಿಯಲ್ಲಿ ಜನರ ಗಮನ ಸೆಳೆಯಬಾರದೆಂದು ನಿಷ್ಠಾವಂತರು ಅದಕ್ಕೆ ಟೇಪು ಅಂಟಿಸುತ್ತಾರೆ. ಇದನ್ನು ಕೇಳಿ ಅತ್ತೆ ಹೌಹಾರಿದರು: "ಅಷ್ಟು ದುಡ್ಡು ಸುರಿದು ತಂದು, ಕುಂಕುಮ ಅಳಿಸಿ ಇಟ್ಕೋತಾರಾ?"

ಹಾಗೆಂದು ಮಾವ ಒಂಟಿಯಲ್ಲ. 1971ರಲ್ಲಿ ಹುಟ್ಟಿದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯ ಅಂದಿನ ಯುವಕರಿಗೆಲ್ಲ ಈಗ ಮೊಮ್ಮಕ್ಕಳು. ಅಂಥವರು ಕೆಲವರು ಇವರಿಗೆ ಸ್ನೇಹಿತರು. ಅವರು ಫೋಟೊ ತೆಗೆಯುತ್ತಾರೆ, ಇವರು ಕ್ಯಾಮೆರಾದ ಬಗ್ಗೆ ಹೇಳುತ್ತಾರೆ, ಕಾಫಿ ಬರುತ್ತದೆ.

2025ರ ಅಕ್ಟೋಬರಿನ ಲೀಕು ಮಾತ್ರ ಸಾವಿನ ಸುದ್ದಿಯಂತೆ ಬಂತು. ಹೊಸ ಎಂ ಕ್ಯಾಮೆರಾದ ಚಿತ್ರದಲ್ಲಿ ಎರಡು ಕಿಟಕಿಗಳ ಜಾಗ ಬೋಳು. ಎಂ ಇವಿ1 ಅಂತೆ, ಹೆಸರು. ಕಿಟಕಿ ತೆಗೆದು ಹಾಕಿ ಒಳಗೊಂದು ಪುಟ್ಟ ಟಿ.ವಿ. ಪರದೆ ಇಟ್ಟಿದ್ದಾರೆ, ಲೆನ್ಸು ಕಂಡದ್ದನ್ನೇ ಕಣ್ಣೂ ಕಾಣುತ್ತದೆ. ಮಾವ ಭೂತಗನ್ನಡಿ ಹಾಕಿ ಹುಡುಕಿದರು, ಫೋನನ್ನು ಓರೆಮಾಡಿ ನೋಡಿದರು, ನೆರಳಿರಬಹುದು ಎಂದರು. ದೀಪಾವಳಿ ಮುಗಿದ ಮರುದಿನ, 23ನೇ ತಾರೀಖು, ಕಂಪನಿಯೇ ಅದನ್ನು ಹೊರತಂದಿತು. "ಮೂಲವಿಗ್ರಹ ಕಿತ್ತು ಟಿ.ವಿ. ಕೂರಿಸಿದಾರೆ ಕಣೋ" ಎಂದು ಮಲ್ಲೇಶ್ವರದ ಎದುರಾಳಿಗೂ ಫೋನು ಮಾಡಿ ಹೇಳಿದರು. ಇಬ್ಬರೂ ಒಂದೇ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕೋಪ ಇಳಿದ ಮೇಲೆ ಒಂದು ಸಂಜೆ ನಾನು ಯಾಶಿಕಾ ಕೈಗೆತ್ತಿಕೊಂಡು ಸುಮ್ಮನೆ ಅತ್ತೆಯ ಕಡೆ ಹಿಡಿದೆ. "ಒಂದಾಯ್ತಾ?" ಎಂದು ಮಾವ ಕೇಳಿದರು. ಆಯಿತು ಎಂದೆ. "ನನಗೆ ಆಗಲ್ಲ ಈಗ. ಪೊರೆ ತೆಗೆಸಿದ ಮೇಲೂ ಎರಡು ಎರಡಾಗೇ ಇರುತ್ತೆ. ಅಂದಾಜಿನ ಮೇಲೆ ಹೊಡೀತೀನಿ." ಎಷ್ಟು ಕಾಲದಿಂದ ಹೀಗೆ ಎಂದು ಅವರು ಹೇಳಲಿಲ್ಲ. ನಮ್ಮ ವಂಶದಲ್ಲಿ ಯಾರೇ ಹೋಗಲಿ, ವೈಕುಂಠ ಸಮಾರಾಧನೆಗೆ ಹಾರ ಹಾಕುವ ಫೋಟೊ ಬರುವುದು ಮಾವನ ಮನೆಯ ಟ್ರಂಕಿನಿಂದಲೇ. ನನ್ನ ಅಪ್ಪ ನಗುವುದು ಅಪರೂಪ. ನಕ್ಕ ಒಂದು ಚಿತ್ರ ಇದ್ದರೆ ಅದು ಇವರು ತೆಗೆದದ್ದು, ಪ್ರಾಯಶಃ "ತಡೀರಿ ಭಾವ, ನಿಮಗೆ ಎರಡು ಮೂಗಿದೆ" ಎಂದಾಗಲೇ. ಟ್ರಂಕು ತೆಗೆಯುವಾಗೆಲ್ಲ ಮಾವ ಹೇಳುವ ಮಾತು ಒಂದೇ: "ಇದೇ ಲೈಕಾದಲ್ಲಿ ತೆಗೆದಿದ್ರೆ ಹೇಗಿರ್ತಿತ್ತು ಗೊತ್ತಾ?" ಅಂಥ ಹೊತ್ತಿನಲ್ಲಿ ಸಿಟ್ಟು ಬರಬೇಕು, ಬರುವುದಿಲ್ಲ.

ಮೊನ್ನೆ ಅವರೇ ಶುರು ಮಾಡಿದರು. "ಆ ಟಿ.ವಿ. ಕ್ಯಾಮೆರಾ ಅಷ್ಟೇನೂ ಕೆಟ್ಟದ್ದಲ್ಲ ಕಣೋ. ವಯಸ್ಸಾದೋರಿಗೆ ಅನುಕೂಲ. ಅರ್ಧ ನನ್ನ ಎಫ್.ಡಿ., ಅರ್ಧ ನೀನು ಹಾಕು." ನಕ್ಕು ತಳ್ಳಿಹಾಕಬೇಕಿತ್ತು. ರಾತ್ರಿ ಒಂದು ಗಂಟೆಗೆ ಅದರ ಫೋಟೊವನ್ನು ಬೆರಳಲ್ಲಿ ಹಿಗ್ಗಿಸಿ ನೋಡುತ್ತಿದ್ದವನು ನಾನೇ ಆದ್ದರಿಂದ, "ನನಗೆ ಯಾವ್ಯಾವಾಗ ಸಿಗುತ್ತೆ?" ಎಂದು ಕೇಳಿದೆ. ಮಾವ ಹಳೆಯ ಡೈರಿ ತೆಗೆದು ಪಾಲುಪಟ್ಟಿ ಬರೆಯತೊಡಗಿದರು. ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳು ಅವರಿಗೆ, ಮೊದಲ ಸಾಲಿನಲ್ಲಿ ಕೂತು ತೆಗೆಯಬಹುದು. ಪರಿಷೆಯೂ ಅವರಿಗೆ, ಹಳೆಯ ಬಾಕಿ ಇದೆ. ಹಾಗಾದರೆ ಕರಗದ ರಾತ್ರಿ ನನಗೆ ಬೇಕೇ ಬೇಕು ಎಂದೆ. ಆ ನೂಕುನುಗ್ಗಲಿನಲ್ಲಿ ನೀನು ಬೀಳಿಸ್ತೀಯ ಎಂದರು. ಬೀಳಿಸುವುದಿಲ್ಲ ಎಂದೆ. ದನಿ ಏರಿತು. ಅತ್ತೆ ಕಾಫಿ ತಂದಿಟ್ಟು, ಪಟ್ಟಿಯ ಮೇಲೆ ಕಣ್ಣಾಡಿಸಿ, "ಲೆನ್ಸಿಗೆ ದುಡ್ಡು ಯಾರ್ದು?" ಅಂದರು.

"ಅದು ಆಮೇಲೆ," ಅಂದೆವು, ಇಬ್ಬರೂ ಒಟ್ಟಿಗೆ. "ಮೊದಲು ಕರಗ ಇತ್ಯರ್ಥ ಆಗ್ಲಿ."